ಪರದೆಯ ನಿಲುವಂಗಿ

ಆ ಬೀದಿಯಲ್ಲಿ ಅವಳನ್ನು ನೂಲಮ್ಮ ಎಂದೇ ಕರೆಯುತ್ತಿದ್ದರು. ಎಲ್ಲಿಗೆ ಹೋದರೂ ಅವಳ ಮೈಮೇಲೆ ದಾರದ ಒಂದು ಎಳೆ ಅಂಟಿಕೊಂಡಿರುತ್ತಿತ್ತು. ಭುಜದ ಮೇಲೋ, ಕೂದಲಲ್ಲೋ, ಒಮ್ಮೊಮ್ಮೆ ತುಟಿಯ ಮೂಲೆಯಲ್ಲೋ. ಗಂಡ ಸತ್ತ ದಿನ ಮಾತಾಡಿಸಲು ಬಂದ ಹೆಂಗಸರು ಮೊದಲು ಅವಳ ತೋಳಿನಿಂದ ಕೆಂಪು ಎಳೆಯೊಂದನ್ನು ಕಿತ್ತು ಬಿಸಾಡಿ, ಆಮೇಲೆ ಅತ್ತರಂತೆ.

ದರ್ಜಿಯ ಮಗಳು ಅವಳು. ಮದುವೆಗೆ ಮುಂಚೆಯೇ ಅಪ್ಪನ ಮೊಣಕಾಲಿನ ಪಕ್ಕ ಕೂತು ಸೂಜಿ ಹಿಡಿಯುವುದನ್ನು ಕಲಿತವಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಕೈಗೆ ಸೂಜಿಗಿಂತ ಸೌಟು, ಪೊರಕೆ, ಒರೆಸುವ ಬಟ್ಟೆಗಳೇ ಹೆಚ್ಚು ಸಿಕ್ಕವು. ಆದರೂ ಮುಂದಿನ ಕೋಣೆಯ ಕಿಟಕಿಯ ಬಳಿ ಹೊಲಿಗೆ ಮಿಷನ್ನು ಬಿಡದೆ ಇಟ್ಟುಕೊಂಡಿದ್ದಳು. ಬೀದಿಯವರ ತೋಳು ಕುಗ್ಗಿಸುವುದು, ಜಿಪ್ಪು ಹಾಕುವುದು, ಮಕ್ಕಳ ಲಂಗದ ಅಂಚು ಇಳಿಸುವುದು, ಇವೆಲ್ಲ ಮನೆಗೆಲಸ ಮುಗಿದ ಮೇಲೆ. ಮನೆಗೆಲಸ ಎಂದಾದರೂ ಮುಗಿಯುತ್ತದೆಯೇ ಎಂದು ಕೇಳಬೇಡಿ. ಮುಗಿಯಿತು ಎಂದುಕೊಂಡು ಅವಳು ಮಿಷನ್ನಿನ ಮುಂದೆ ಕೂರುತ್ತಿದ್ದಳು, ಅಷ್ಟೆ.

ವರ್ಷಕ್ಕೊಮ್ಮೆ ಚರ್ಚಿನ ಭಾನುವಾರದ ಶಾಲೆಯ ಮಕ್ಕಳು ಸತ್ಯವೇದದ ಕಥೆಯೊಂದನ್ನು ನಾಟಕ ಆಡುತ್ತಿದ್ದರು. ಅದಕ್ಕೆ ವೇಷ ಹೊಲಿಯುವವಳು ನೂಲಮ್ಮ. ಅದು ಸೇವೆ. ಸೇವೆ ಎಂದರೆ ಹೆಂಗಸರು ಮಾಡುವ, ಯಾರೂ ಕೇಳಿಕೊಳ್ಳದಿದ್ದರೂ ಮಾಡಿಯೇ ತೀರಬೇಕಾದ ಕೆಲಸ. ಬೀದಿಯ ಮನೆಮನೆಯಿಂದ ಹಳೆಯ ಬೆಡ್‌ಶೀಟು, ಟವೆಲು, ಪರದೆ, ದಿಂಬಿನ ಚೀಲಗಳು ಬಂದು ಬೀಳುತ್ತಿದ್ದವು. ಅವುಗಳನ್ನು ಬಿಡಿಸಿ ನೋಡಿದರೆ ಸಾಕು, ಯಾವ ಮನೆಯಲ್ಲಿ ಏನು ಎಂದು ಅವಳಿಗೆ ತಿಳಿಯುತ್ತಿತ್ತು. ಒಂದು ಅಂಚು ಮಾತ್ರ ಸವೆದ ಬೆಡ್‌ಶೀಟು ಬಂದರೆ ಆ ಮನೆಯಾಕೆ ಗಂಡನಿಗೂ ಮಗುವಿಗೂ ಜಾಗ ಬಿಟ್ಟು ವರ್ಷಗಟ್ಟಲೆ ಮಂಚದ ಅಂಚಿನಲ್ಲೇ ಮಲಗಿದ್ದಾಳೆ. ಟವೆಲಿನ ಮೂಲೆ ಸುಟ್ಟಿದ್ದರೆ ಆಕೆಗೆ ಮುಖ ಒರೆಸಲೂ, ಪಾತ್ರೆ ಇಳಿಸಲೂ ಅದೊಂದೇ.

ವೇಷ ಹೊಲಿಯುವುದು ಸುಲಭ. ಬಟ್ಟೆಯನ್ನು ಎರಡು ಮಡಿಕೆ ಮಾಡು, ಮಡಿಕೆಯ ನಡುವೆ ತಟ್ಟೆ ಬೋರಲಿಟ್ಟು ಅರ್ಧವೃತ್ತ ಗೀಚಿ ಕತ್ತರಿಸು, ತಲೆ ತೂರಲು ದಾರಿಯಾಯಿತು. ಕೈಗೆ ಜಾಗ ಬಿಟ್ಟು ಎರಡೂ ಪಕ್ಕ ಹೊಲಿ, ನಿಲುವಂಗಿಯಾಯಿತು. ಸೊಂಟಕ್ಕೊಂದು ಹಗ್ಗ, ತಲೆಗೊಂದು ಟವೆಲು, ಕುರುಬನಾದ. ಹಗ್ಗದ ಬದಲು ಹೊಳೆಯುವ ಪಟ್ಟಿ ಕಟ್ಟಿದರೆ ಅರಸನಾದ. "ದೇವದೂತರು ಮಾತ್ರ ದಿಂಬಿನ ಚೀಲದಿಂದಲೇ ಬರೋದು" ಎಂದು ನೂಲಮ್ಮ ಮಕ್ಕಳನ್ನು ನಗಿಸುತ್ತಿದ್ದಳು.

ಅಪ್ಪ ಕಲಿಸಿದ ಒಂದು ನೇಮವನ್ನು ಅವಳು ತಪ್ಪಿಸಿರಲಿಲ್ಲ. ಹಳೆಯ ಬಟ್ಟೆಗೆ ಕತ್ತರಿ ಇಡುವ ಮೊದಲು ಅದರಲ್ಲಿರುವ ಹಳೆಯ ಹೊಲಿಗೆಯನ್ನೆಲ್ಲ ಬಿಚ್ಚಬೇಕು, ಬಿಚ್ಚಿದ ದಾರವನ್ನು ಒಲೆಗೆ ಹಾಕಬೇಕು. "ಹಳೇ ಹೊಲಿಗೆ ಅಂದ್ರೆ ಬೇರೆಯವರ ಕೈ ಮಗಳೇ" ಎನ್ನುತ್ತಿದ್ದ ಅಪ್ಪ. "ಇನ್ನೊಬ್ಬರ ಕೈ ಮಕ್ಕಳ ಮೈ ಮೇಲೆ ಇರಬಾರದು."

ಮನೆಯಲ್ಲಿ ಈಗ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು. ಮೊಮ್ಮಗಳನ್ನು ಗುಬ್ಬಿ ಎನ್ನುತ್ತಿದ್ದರು. ಗುಬ್ಬಿ ಇಲ್ಲಿದ್ದ ಕಡ್ಡಿ ಅಲ್ಲಿಡುವವಳಲ್ಲ. ಉಂಡ ತಟ್ಟೆ ಉಂಡಲ್ಲೇ, ಬಿಚ್ಚಿದ ಕಾಲುಚೀಲ ಬಿಚ್ಚಿದಲ್ಲೇ. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬರುವ ಸೊಸೆ ಗೊಣಗುತ್ತಿದ್ದಳು. "ಅತ್ತೆ, ನೀವೇ ಅವಳನ್ನ ಕೆಡಿಸಿರೋದು."

"ಹೌದು, ಕೆಡಿಸಿದ್ದೀನಿ. ಕೆಡಲಿ ಬಿಡು" ಎನ್ನುತ್ತಿದ್ದಳು ನೂಲಮ್ಮ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಮನೇಲಿ ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು. ಅದು ನನ್ನ ತಲೆಗೇ ಮುಗೀಲಿ."

ಜೀವನದಲ್ಲಿ ಅವಳು ಹಟ ಹಿಡಿದದ್ದು ಇದೊಂದಕ್ಕೇ. ಈ ಹುಡುಗಿ ಕೂತು ಉಣ್ಣಬೇಕು, ಬಿಸಿ ಇರುವಾಗಲೇ ಉಣ್ಣಬೇಕು.

ಆ ವರ್ಷ ಭಾನುವಾರದ ಶಾಲೆಯ ಟೀಚರ್ ಕಥೆ ಹೇಳಲು ಬಂದಳು. "ಈ ಸಲ ಅಕ್ಕತಂಗಿ ಕಥೆ ನೂಲಮ್ಮ. ಕರ್ತನು ಅವರ ಮನೆಗೆ ಬರ್ತಾನಲ್ಲ, ತಂಗಿ ಪಾದದ ಹತ್ರ ಕೂತು ಮಾತು ಕೇಳ್ತಾಳೆ, ಅಕ್ಕ ಒಬ್ಬಳೇ ಅಡುಗೆಮನೇಲಿ ಒದ್ದಾಡ್ತಾಳೆ, ಅದು."

"ಗೊತ್ತು. ಕೊನೇಗೆ ಬೈಸ್ಕೊಳ್ಳೋಳೂ ಅವಳೇ."

"ಬೈಯಲ್ಲ ಕಣ್ರೀ, ಬುದ್ಧಿ ಹೇಳ್ತಾನೆ."

"ಎರಡಕ್ಕೂ ಏನು ವ್ಯತ್ಯಾಸ ಅಂತ ಅಡುಗೆಮನೇಲಿ ನಿಂತೋರನ್ನ ಕೇಳು."

ಟೀಚರ್ ನಕ್ಕಳು. ಹುಡುಗಿಯರೆಲ್ಲ ತಂಗಿಯ ಪಾತ್ರವೇ ಬೇಕೆಂದು ಕೂಗಾಡಿದ್ದರಿಂದ ಚೀಟಿ ಎತ್ತಿಸಿದಳಂತೆ. ಅಕ್ಕನ ಚೀಟಿ ಗುಬ್ಬಿಗೆ ಬಂದಿತ್ತು. "ನಂಗೆ ಬೇಡ, ಅವಳು ಬರೀ ಪಾತ್ರೆ ತೊಳೀತಾಳೆ" ಎಂದು ಗುಬ್ಬಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. "ನಾಟಕ ತಾನೇ ಕಂದ" ಎಂದು ನೂಲಮ್ಮನೇ ಸಮಾಧಾನ ಮಾಡಿದಳು.

ಎಲ್ಲರ ವೇಷವೂ ಆಯಿತು, ಅಕ್ಕನ ನಿಲುವಂಗಿಗೆ ಬಟ್ಟೆ ಸಾಲಲಿಲ್ಲ. ಆಗ ನೂಲಮ್ಮನಿಗೆ ತೀರಿಹೋದ ತನ್ನ ಅತ್ತೆಯ ಹಳೆಯ ಪೆಟ್ಟಿಗೆಯಲ್ಲಿದ್ದ ಪರದೆ ನೆನಪಾಯಿತು. ಒರಟು ನೂಲಿನ, ಮಣ್ಣಿನ ಬಣ್ಣದ ಪರದೆ. ಒಂದು ಕಾಲದಲ್ಲಿ ಅಡುಗೆಮನೆಯ ಬಾಗಿಲಿಗೆ ತೂಗುತ್ತಿತ್ತು. ಮುಂದಿನ ಕೋಣೆಯಲ್ಲಿ ಗಂಡಸರು ಮಾತಾಡುವಾಗ ಅದರ ಹಿಂದೆ ನಿಂತು ಕೇಳಿಸಿಕೊಳ್ಳುತ್ತ ನೂಲಮ್ಮ ತನ್ನ ಪ್ರಾಯ ಕಳೆದಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆ ಬಟ್ಟೆಯನ್ನು ಅವಳ ಕೈಗಿತ್ತು ಅಂಚು ಹೊಲಿಯಲು ಹೇಳಿದ್ದಳು. ಹೊಲಿದಷ್ಟೂ ಸಲ "ಸೊಟ್ಟಗಿದೆ" ಎಂದು ಬಿಚ್ಚಿಸಿದ್ದಳು. ಕೊನೆಗೊಂದು ಬೆಳಿಗ್ಗೆ ಪರದೆ ಬಾಗಿಲಲ್ಲಿ ತೂಗುತ್ತಿತ್ತು. ಅತ್ತೆ ಬಂದವರಿಗೆಲ್ಲ ಹೇಳಿದಳು: "ದರ್ಜಿ ಮಗಳಂತೆ! ನಾನೇ ಎಲ್ಲಾ ಬಿಚ್ಚಿ ಮತ್ತೆ ಹೊಲಿಬೇಕಾಯ್ತು." ಹೊಸ ಸೊಸೆ ಪರದೆಯ ಹಿಂದೆ ನಿಂತು ಅದನ್ನೂ ಕೇಳಿಸಿಕೊಂಡಿದ್ದಳು.

ಈಗ ಆ ಅಂಚನ್ನು ಬಿಚ್ಚಬೇಕಿತ್ತು. ಆದರೆ ನೂಲಮ್ಮನ ಮಣಿಕಟ್ಟು ಆ ವಾರವೆಲ್ಲ ನೋಯುತ್ತಿತ್ತು, ಕಣ್ಣಿಗೆ ಮಂಜು. ಕೈಹೊಲಿಗೆಯ ಅಂಚು ಇನ್ನೂ ಗಟ್ಟಿಯಾಗಿದೆ, ನೇರವಾಗಿದೆ. ಅದನ್ನೇ ನಿಲುವಂಗಿಯ ಕೆಳ ಅಂಚು ಮಾಡಿದರೆ ಒಂದು ಸುತ್ತು ಹೊಲಿಗೆ ಉಳಿಯಿತಲ್ಲ! ಎಂದೂ ಮಾಡದ್ದನ್ನು ಮಾಡಿದಳು. ಹೊಲಿಗೆ ಬಿಚ್ಚದೆಯೇ ಕತ್ತರಿ ಇಟ್ಟಳು.

ಸಂಜೆ ಶಾಲೆಯಿಂದ ಬಂದ ಗುಬ್ಬಿಗೆ ತೊಡಿಸಿ ನೋಡಿದಳು. ಅಳತೆಯನ್ನೇ ತೆಗೆದಿರಲಿಲ್ಲ. ಆದರೂ ಅಂಚು ಸರಿಯಾಗಿ ಹುಡುಗಿಯ ಕಾಲ್ಗಂಟಿಗೆ ಬಂದು ನಿಂತಿತು. ಅದುವರೆಗೆ ಕಿಲಕಿಲ ನಗುತ್ತಿದ್ದ ಗುಬ್ಬಿ ನಗು ನಿಲ್ಲಿಸಿದಳು. ಎರಡೂ ಅಂಗೈಯಿಂದ ಮುಂಭಾಗವನ್ನು ನಿಧಾನ ಸವರಿಕೊಂಡಳು. ಬಗ್ಗಿ ನೆಲದ ಮೇಲಿನ ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಆಮೇಲೆ ಅಡುಗೆಮನೆಗೆ ಹೋದಳು. ನೀರು ಬಿಟ್ಟ ಸದ್ದು, ಲೋಟಗಳ ಸದ್ದು.

ನೂಲಮ್ಮ ಸೂಜಿ ಹಿಡಿದುಕೊಂಡೇ ಕೂತಿದ್ದಳು. ತೊಳೆದ ಲೋಟವನ್ನು ಬೋರಲಿಡುವ ಸದ್ದು ಒಂದೇ ಸಮನೆ ಬರುತ್ತಿತ್ತು. ಒಂದೂ ತಟ್ಟಿಕೊಳ್ಳುತ್ತಿರಲಿಲ್ಲ. ಎಂಟು ವರ್ಷದವರು ಹಾಗೆ ತೊಳೆಯುವುದಿಲ್ಲ.

ಮಗ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. "ಅಯ್ಯೋ, ಇವತ್ತು ಸೂರ್ಯ ಯಾವ ದಿಕ್ಕಲ್ಲಿ ಹುಟ್ಟಿದ! ಅಮ್ಮಾ, ನಿನ್ನ ಮೊಮ್ಮಗಳಿಗೆ ಬುದ್ಧಿ ಬಂದಿದೆ ನೋಡು."

"ಪಾತ್ರದ ಅಭ್ಯಾಸ ಅಪ್ಪಾ" ಎಂದಳು ಗುಬ್ಬಿ, ತಲೆ ಎತ್ತದೆ. ಅವನ ಕೈಗೆ ಟೀ ಲೋಟ ಕೊಟ್ಟಳು. ಸಕ್ಕರೆ ಸರಿಯಾಗಿತ್ತು.

ಅಲ್ಲಿಂದ ಅವಳು ನಿಲುವಂಗಿ ತೆಗೆಯಲು ಒಪ್ಪಲಿಲ್ಲ. ಶಾಲೆಗೆ ಹೋಗುವಾಗ ಮಾತ್ರ ಬಿಚ್ಚಿ ಮಡಿಚಿಡುವಳು, ಬಂದ ಕೂಡಲೇ ತೊಟ್ಟುಕೊಳ್ಳುವಳು. ಗುಡಿಸಿದಳು, ಒರೆಸಿದಳು, ಅಕ್ಕಿ ಆರಿಸಿದಳು. ಬೆರಳ ತುದಿಗಳು ನೀರಿನಲ್ಲಿ ನೆಂದು ಬಿಳಿಚಿ ಸುಕ್ಕಾದವು. ನಾಟಕದ ಅಭ್ಯಾಸದಲ್ಲಿ ಅವಳನ್ನು ನೋಡಿ ಟೀಚರ್ ಕಣ್ಣೀರು ಹಾಕಿದಳಂತೆ. "ಎಷ್ಟು ಸಹಜವಾಗಿ ಮಾಡ್ತಾಳೆ ನೂಲಮ್ಮ! ಉಳಿದ ಮಕ್ಕಳಿಗೆ ಇವಳನ್ನ ನೋಡಿ ಕಲೀರಿ ಅಂತಿದ್ದೀನಿ."

ಒಂದು ಮಧ್ಯಾಹ್ನ ನೂಲಮ್ಮ ಮರೆಯಲ್ಲಿ ನಿಂತು ನೋಡಿದಳು. ಗುಬ್ಬಿ ಸೌಟು ತೊಳೆದು ಒರೆಸಿ ಗೋಡೆಗೆ ತೂಗುಹಾಕಲು ಕೈ ಎತ್ತಿದಳು. ಗೋಡೆಯಲ್ಲಿ ಏನೂ ಇರಲಿಲ್ಲ. ಸೌಟು ಠಣ್ ಎಂದು ನೆಲಕ್ಕೆ ಬಿತ್ತು. ಎತ್ತಿಕೊಂಡು ಮತ್ತೆ ಅದೇ ಜಾಗಕ್ಕೆ ಕೈ ಒಯ್ದಳು. ಮತ್ತೆ ಬಿತ್ತು. ಮತ್ತೆ ಎತ್ತಿದಳು. ಅಲ್ಲಿ ಹಿಂದೆ ಒಂದು ಮೊಳೆ ಇತ್ತು. ಅದನ್ನು ಕಿತ್ತು ಗೋಡೆಗೆ ಗಾರೆ ಮೆತ್ತಿದಾಗ ಗುಬ್ಬಿಯ ಅಪ್ಪನೇ ಇನ್ನೂ ತೊಟ್ಟಿಲಲ್ಲಿದ್ದ.

ಅತ್ತೆ ಬಂದಿದ್ದಾಳೆ ಎಂದುಕೊಂಡಳು ನೂಲಮ್ಮ. ಆ ಅಂಚಿನಲ್ಲಿ ಉಳಿದ ಕೈ ಅವಳದೇ. ನನ್ನನ್ನು ತಿಂದದ್ದು ಸಾಲದೆ ಈಗ ಮಗುವಿಗೆ ಕೈ ಹಾಕಿದ್ದಾಳೆ.

ಸೊಸೆಗೆ ಹೇಳಿದಳು. ಸೊಸೆ ಅಂಗಡಿಯಿಂದ ಬಂದು, ಊದಿದ ಕಾಲನ್ನು ಕುರ್ಚಿಯ ಮೇಲೆ ಚಾಚಿಕೊಂಡು ಕೂತಿದ್ದಳು. ಮುಂದೆ ಗುಬ್ಬಿ ತಂದಿಟ್ಟ ಟೀ ಇತ್ತು.

"ಅತ್ತೆ, ನನಗೂ ಒಂಥರಾ ಆಗತ್ತೆ, ಇಲ್ಲ ಅನ್ನಲ್ಲ. ಆದ್ರೆ ಮದುವೆಯಾದಾಗಿಂದ ಈ ಮನೇಲಿ ಯಾರಾದ್ರೂ ನನ್ನ ಕೈಗೆ ಟೀ ಕೊಟ್ಟಿದ್ದಾರಾ?" ಅವಳು ಲೋಟವನ್ನೇ ನೋಡುತ್ತ ಹೇಳಿದಳು. "ನಾಟಕ ಮುಗೀಲಿ. ಆಮೇಲೆ ನೋಡೋಣ."

ಮನೆಗೆ ದೆವ್ವ ಹೊಕ್ಕರೆ ಜನ ಹೆದರಿ ಅರಚುತ್ತಾರೆ. ಇಲ್ಲಿ ಹೊಕ್ಕದ್ದು ಎಲ್ಲರಿಗೂ ಅನುಕೂಲವಾಗಿತ್ತು. ಅದನ್ನು ಓಡಿಸುವವರು ಯಾರು?

ನಾಟಕದ ದಿನ ಬೆಳಿಗ್ಗೆ ಮಗ ಸೊಸೆ ಇಬ್ಬರೂ ಸಭಾಂಗಣಕ್ಕೆ ಕುರ್ಚಿ ಜೋಡಿಸಲು ಹೋಗಿದ್ದರು. ನೂಲಮ್ಮ ಅಡುಗೆಮನೆಗೆ ಬಂದಾಗ ಗುಬ್ಬಿ ಬಾಗಿಲ ಹಿಂದೆ ನಿಂತಿದ್ದಳು. ಕೈಯಲ್ಲಿ ಪಾತ್ರೆ. ತಳಕ್ಕೆ ಹಿಡಿದ ಅನ್ನವನ್ನು ಉಗುರಿನಿಂದ ಕೆರೆದು ಕೆರೆದು ತಿನ್ನುತ್ತಿದ್ದಳು. ಬಲಗಾಲಿನ ಮೇಲೆ ಎಡಗಾಲಿಟ್ಟು, ಗೋಡೆಗೊರಗಿ.

"ಅತ್ತೆ, ಮಗೂನ ಬಿಟ್ಟುಬಿಡಿ" ಎಂದಳು ನೂಲಮ್ಮ. "ನಿಮ್ಮ ಕಾಲಿಗೆ ಬೀಳ್ತೀನಿ."

ಹುಡುಗಿ ಬೆಚ್ಚಿ ಪಾತ್ರೆಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ನೂಲಮ್ಮನ ಮುಖ ನೋಡಿ ಕಣ್ಣು ಕೆಳಗೆ ಮಾಡಿದಳು. "ಆಗ್ಹೋಯ್ತು ಅತ್ತೆ. ಇನ್ನೊಂದು ಸ್ವಲ್ಪ ಕೆಲಸ ಇದೆ, ಮುಗಿಸಿಬಿಡ್ತೀನಿ."

ಅತ್ತೆ ಎಂದು ಕರೆದದ್ದು ಅವಳು. ಕರೆಸಿಕೊಂಡವಳು ನೂಲಮ್ಮ.

ನೂಲಮ್ಮ ಸರಸರನೆ ಹತ್ತಿರ ಹೋದಳು. ಹುಡುಗಿಯ ತಲೆಯ ಮೇಲಿಂದ ನಿಲುವಂಗಿಯನ್ನು ಎಳೆದು ತೆಗೆದಳು. ಮುಂದಿನ ಕೋಣೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ಒಂದು ಟಾಕು ಕಿತ್ತಳು. ಅಡುಗೆಮನೆಯಿಂದ ಸಣ್ಣ ನರಳಿಕೆ. ಇನ್ನೊಂದು ಕಿತ್ತಳು.

"ಬಿಚ್ಚಬೇಡಿ ಅತ್ತೆ" ಎಂದಿತು ಒಳಗಿನ ದನಿ. ಎಂಟು ವರ್ಷದ ದನಿ ಅಲ್ಲ. "ಈ ಸಲ ನೇರ ಹೊಲ್ದಿದ್ದೀನಿ. ದಮ್ಮಯ್ಯ, ಬಿಚ್ಚಬೇಡಿ."

ನೂಲಮ್ಮನ ಕೈ ನಿಂತಿತು. ಹೊಲಿಗೆ ಶುರುವಾದ ಜಾಗ ಅವಳ ಹೆಬ್ಬೆರಳ ಕೆಳಗಿತ್ತು. ಅಲ್ಲಿ ಗಂಟು ಇರಲಿಲ್ಲ. ಅತ್ತೆ ಯಾವಾಗಲೂ ದಾರದ ತುದಿಗೆ ಮೆಣಸಿನ ಕಾಳಿನಷ್ಟು ದಪ್ಪ ಗಂಟು ಹಾಕುತ್ತಿದ್ದಳು. ಇಲ್ಲಿ ಒಂದೇ ಜಾಗದಲ್ಲಿ, ಒಂದರ ಮೇಲೊಂದು, ಸಾಸಿವೆಯಷ್ಟು ಸಣ್ಣ ಮೂರು ಟಾಕು. ಗಂಟಿನ ಬದಲು ಹಾಗೆ ಟಾಕು ಹಾಕಿ ಶುರುಮಾಡುವುದು ಅಪ್ಪ ಕಲಿಸಿದ್ದು. ಈ ಬೀದಿಯಲ್ಲಿ ಹಾಗೆ ಹೊಲಿಯುವವಳು ಅವಳೊಬ್ಬಳೇ.

ಅತ್ತೆ ಬಿಚ್ಚಿರಲೇ ಇಲ್ಲ. ಮತ್ತೆ ಹೊಲಿದಿರಲೂ ಇಲ್ಲ. ಇದು ನೂಲಮ್ಮನದೇ ಕೈ, ಹತ್ತೊಂಬತ್ತು ವರ್ಷದ ಆ ಹೊಸ ಸೊಸೆಯ ಕೈ.

ಆಗ ಉಳಿದದ್ದೆಲ್ಲ ಅರ್ಥವಾಯಿತು. ಅತ್ತೆ ಎಂದೂ ನಿಂತು ಉಂಡವಳಲ್ಲ, ತಣ್ಣಗಿನದ್ದು ಉಂಡವಳಲ್ಲ. ಬಾಗಿಲ ಹಿಂದೆ, ನೆಲದ ಚಳಿಗೆ ಕಾಲಮೇಲೆ ಕಾಲಿಟ್ಟು, ತಳ ಹಿಡಿದದ್ದನ್ನು ಕೆರೆದು ತಿಂದವಳು ತಾನು. ಗುಬ್ಬಿಯ ಮೈ ಹೊಕ್ಕು ದುಡಿಯುತ್ತಿದ್ದದ್ದು ಸತ್ತವಳಲ್ಲ. ಇನ್ನೂ ಬದುಕಿರುವ ಹೆಂಗಸೊಬ್ಬಳು ಆ ಪರದೆಯ ಹಿಂದೆಯೇ ಬಿಟ್ಟುಬಂದ ಹುಡುಗಿ. ಯಾರಾದರೂ 'ಆಯಿತು, ಸಾಕು' ಎನ್ನಲಿ ಎಂದು ಕಾಯುತ್ತ ಇನ್ನೂ ತೊಳೆಯುತ್ತಲೇ ಇದ್ದಾಳೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಬೆಳಿಗ್ಗೆ ಎರಡೂ ಕಾಲ ಒಂದೇ ಅಡುಗೆಮನೆಯಲ್ಲಿ ಎದುರುಬದುರು ನಿಂತವು.

ನೂಲಮ್ಮ ಅರ್ಧ ಬಿಚ್ಚಿದ ಅಂಚನ್ನು ಹಾಗೇ ಬಿಟ್ಟು ಒಳಗೆ ಹೋದಳು. ಬರಿಯ ಫ್ರಾಕಿನಲ್ಲಿದ್ದ ಹುಡುಗಿ ನೆಲಕ್ಕೆ ಕೂತು ಪಾತ್ರೆ ಉಜ್ಜುತ್ತಿದ್ದಳು. ಭುಜ ಕುಗ್ಗಿತ್ತು, ಏಟು ಬೀಳಲೆಂದು ಕಾದವಳಂತೆ.

"ಕೈ ತೊಳ್ಕೋ" ಎಂದಳು ನೂಲಮ್ಮ. ಮುಂದಿನ ಮಾತನ್ನು ಅತ್ತೆಯಾಗಿಯೇ ಹೇಳಬೇಕಿತ್ತು. ಬೇರೆ ಯಾರು ಹೇಳಿದರೂ ಈ ಹುಡುಗಿ ನಂಬುವವಳಲ್ಲ. "ನಾನು ಸುಳ್ಳು ಹೇಳಿದ್ದೆ. ನಿನ್ನ ಹೊಲಿಗೆ ಬಿಚ್ಚಲಿಲ್ಲ ನಾನು."

ಉಜ್ಜುವ ಸದ್ದು ನಿಂತಿತು. "ಬಿಚ್ಚಲಿಲ್ವಾ?"

"ಇಲ್ಲ. ಚೆನ್ನಾಗಿತ್ತು. ನಂದಕ್ಕಿಂತ ಚೆನ್ನಾಗಿತ್ತು. ಅದಕ್ಕೇ ಬಾಯಿ ಬಿಟ್ಟು ಹೇಳಲಿಲ್ಲ."

ಹುಡುಗಿ ತಲೆ ಎತ್ತಿ ಅವಳನ್ನು ನೋಡಿದಳು. ಆ ಕಣ್ಣುಗಳಲ್ಲಿ ನೂಲಮ್ಮ ತನ್ನನ್ನು ಕಂಡಳು ಎಂದರೆ ಸುಳ್ಳಾದೀತು. ಅವಳಿಗೆ ತನ್ನ ಆ ವಯಸ್ಸಿನ ಮುಖವೇ ನೆನಪಿರಲಿಲ್ಲ. ಆಗ ಕನ್ನಡಿಯ ಮುಂದೆ ನಿಲ್ಲಲು ಹೊತ್ತೆಲ್ಲಿತ್ತು?

"ಕೆಲಸ ಆಯ್ತು. ಬಾ, ಕೂತ್ಕೋ" ಎಂದಳು. ಹೊಸದಾಗಿ ಅನ್ನ ಮಾಡಿದಳು. ಹಬೆಯಾಡುವ ತಟ್ಟೆಯನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂರಿಸಿ, ತಾನು ಪಕ್ಕದಲ್ಲಿ ನಿಂತು ಬಡಿಸಿದಳು. ಹುಡುಗಿ ಉಂಡಳು. ಇನ್ನಷ್ಟು ಹಾಕಿದಳು, ಉಂಡಳು. ಎಂಟು ವರ್ಷದ ಹೊಟ್ಟೆಗೆ ಹಿಡಿಯದಷ್ಟು ಉಂಡಳು. ಎಷ್ಟೋ ವರ್ಷದ ಹಸಿವು ಅದು, ಬೇಗ ತೀರುವುದಲ್ಲ. ಕೊನೆಗೆ ತಟ್ಟೆಯ ಪಕ್ಕಕ್ಕೇ ತಲೆಯಿಟ್ಟು ನಿದ್ದೆಹೋದಳು.

ಎದ್ದಾಗ ತನ್ನ ಬೆರಳುಗಳನ್ನು ನೋಡಿಕೊಂಡು ರಾಗ ಎಳೆದಳು. "ಅಜ್ಜೀ, ನನ್ ಕೈ ಯಾಕೆ ಹಿಂಗಾಗಿದೆ? ಛೀ!"

ನೂಲಮ್ಮ ಅವಳನ್ನು ಅಪ್ಪಿಕೊಂಡು ಗಟ್ಟಿಯಾಗಿ ನಕ್ಕಳು. ಗುಬ್ಬಿ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಓಡಿದಳು.

ನಾಟಕಕ್ಕೆ ಅವಸರದಲ್ಲಿ ಬೇರೊಂದು ಬೆಡ್‌ಶೀಟಿಗೆ ತಲೆ ತೂರುವಷ್ಟು ಕತ್ತರಿಸಿ, ಪಕ್ಕಗಳ ಮೇಲೆ ಮಿಷನ್ ಓಡಿಸಿ ತೊಡಿಸಿದ್ದಾಯಿತು. ಗುಬ್ಬಿ ವೇದಿಕೆಯ ಮೇಲೆ ತಟ್ಟೆ ಬೀಳಿಸಿದಳು, ಮಾತು ಮರೆತಳು, ಬೇಸರವಾಗಿ ತಂಗಿಯ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ಬುದ್ಧಿ ಹೇಳಬೇಕಾದ, ಕರ್ತನ ವೇಷದ ಹುಡುಗ ಯಾರಿಗೆ ಹೇಳುವುದೆಂದು ತಿಳಿಯದೆ ಅತ್ತಿತ್ತ ನೋಡಿದ. ಜನ ನಕ್ಕರು. "ಅಭ್ಯಾಸದಲ್ಲಿ ಎಷ್ಟು ಚೆನ್ನಾಗಿ ಮಾಡ್ತಿದ್ಲು!" ಎಂದು ಟೀಚರ್ ಹಲುಬಿದಳು. ಮಗನ ಮುಖ ಸಪ್ಪಗಾಗಿತ್ತು.

ಮಾರನೆಯ ಬೆಳಿಗ್ಗೆ ನೂಲಮ್ಮ ಎಂದಿನಂತೆ ಎದ್ದು ಅಡುಗೆಮನೆಗೆ ಹೋದಳು. ಹೋಗಿ ನಿಂತಳು. ನಿಂತೇ ಇದ್ದಳು.

ಒಲೆ ಇತ್ತು. ಡಬ್ಬಿಗಳು ಸಾಲಾಗಿ ಇದ್ದವು. ಒಂದರ ಮುಚ್ಚಳ ತೆಗೆದು ನೋಡಿದಳು, ಇನ್ನೊಂದರದು ತೆಗೆದಳು. ಯಾವುದರಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಯಾರದೋ ಮನೆಗೆ ಬಂದ ನೆಂಟಳಂತೆ ಮುಚ್ಚಳಗಳನ್ನು ಜೋಪಾನವಾಗಿ ಹಾಗೇ ಮುಚ್ಚಿಟ್ಟು, ಮುಂದಿನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಳು.

"ಅಮ್ಮಾ, ಟೀ?" ಎಂದು ಮಗ ಪತ್ರಿಕೆಯ ಹಿಂದಿನಿಂದ ಕೇಳಿದ.

"ಆಗ್ಲಿ ಮಗಾ, ಕೊಡು" ಎಂದಳು ನೂಲಮ್ಮ. "ಸಕ್ಕರೆ ಸ್ವಲ್ಪ ಕಮ್ಮಿ ಹಾಕು."

ಅವನು ನಕ್ಕ. ಪತ್ರಿಕೆ ಇಳಿಸಿ ಅವಳ ಮುಖ ನೋಡಿದ. ನಗು ನಿಂತಿತು.

ಅಂಗಡಿಗೆ ಹೊರಟಿದ್ದ ಸೊಸೆ ಚೀಲ ಹಿಡಿದು ಹತ್ತಿರ ಬಂದಳು. "ಅತ್ತೆ, ತಮಾಷೆ ಮಾಡ್ತಿದ್ದೀರಾ?"

"ನನಗೆ ಬರಲ್ಲ ಕಣೇ" ಎಂದಳು ನೂಲಮ್ಮ. ಅವಳ ದನಿಯಲ್ಲಿ ದುಃಖವೂ ಇರಲಿಲ್ಲ, ಬಿಗುಮಾನವೂ ಇರಲಿಲ್ಲ. "ಪರದೆ ಹಿಂದೆ ನಿಂತಿದ್ದ ಆ ಹುಡುಗಿ ಹೋದಳಲ್ಲ, ಮನೆಗೆಲಸಾನೂ ತಗೊಂಡು ಹೋದಳು ಅನ್ಸತ್ತೆ. ನೋಡು."

ಎರಡೂ ಕೈಗಳನ್ನು ಮುಂದೆ ಚಾಚಿದಳು. ಸೊಸೆ ಬಗ್ಗಿ ನೋಡಿದಳು. ಮಣಿಕಟ್ಟಿನ ಮೇಲಿದ್ದ ಹಳೆಯ ಸುಟ್ಟ ಗಾಯದ ಬರೆ ಇರಲಿಲ್ಲ. ಹೆಬ್ಬೆರಳಲ್ಲಿ ಚಾಕು ಕೊರೆದಿದ್ದ ಗೆರೆಗಳಿರಲಿಲ್ಲ. ಅಂಗೈ ಮೆತ್ತಗೆ, ನುಣ್ಣಗೆ, ಏನನ್ನೂ ಹಿಡಿದೇ ಇಲ್ಲದ ಕೈಯಂತಿತ್ತು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಚುಕ್ಕೆಗಳು ಮಾತ್ರ ಉಳಿದಿದ್ದವು.

ಸೊಸೆ ಅವಳ ಕೈಗಳನ್ನು ಮೆಲ್ಲಗೆ ಅವಳ ಮಡಿಲಿಗೇ ಇಟ್ಟಳು. ತನ್ನ ಕೈಗಳನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. ಚೀಲವನ್ನು ಹೆಗಲಿಗೇರಿಸಿ, ಬಾಗಿಲು ದಾಟಿ, ಬೀದಿಗಿಳಿದು ಹೋದಳು.

ಮಗ ಪತ್ರಿಕೆ ಮಡಿಚಿಟ್ಟ. ಆಮೇಲೆ ಅಡುಗೆಮನೆಯೊಳಗೆ ಹೋದ. ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು, ಏನೋ ಬಿದ್ದ ಸದ್ದು.

"ಅಮ್ಮಾ, ಟೀ ಪುಡಿ ಎಲ್ಲಿದೆ?"

ನೂಲಮ್ಮ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. "ನಂಗೇನು ಗೊತ್ತು ಮಗಾ" ಎಂದಳು. "ಹುಡುಕು, ಅಲ್ಲೇ ಎಲ್ಲೋ ಇರಬೇಕು."